ಬೀಗರ ಮೆಟ್ಟಿಲು

ನಮ್ಮ ಓಸ್ಕೆಮೆನ್ ಊರಿನಲ್ಲಿ ಇನ್ನೂ ಟ್ರಾಮು ಓಡುತ್ತಿದ್ದ ಕಾಲ. ಮೂರನೇ ನಂಬರ್ ಗಾಡಿಯ ಕಂಡಕ್ಟರ್ ಕುಲ್ಯಾಷಳ ಬಾಯಿಗೆ ಹೆದರದವರು ಕಡಿಮೆ. ಸತುವಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ದಾಂಡಿಗರು ಕೂಡ ಅವಳು ಹತ್ತಿರ ಬಂದಳೆಂದರೆ ತಾವಾಗಿಯೇ ಜೇಬು ತಡಕಿಕೊಳ್ಳುತ್ತಿದ್ದರು. ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯ ಕಡೆ ತಿರುಗಿ ನಿದ್ದೆ ನಟಿಸುವವನ ಹೆಗಲು ತಟ್ಟಿ, ಗಾಡಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಉಯಾತ್! ನಾಚಿಕೆ ಆಗಲ್ವೇನಪ್ಪಾ? ತಲೆ ಮೇಲೆ ನೋಡಿದ್ರೆ ನರಿ ಚರ್ಮದ ಟೋಪಿ! ಟಿಕೆಟ್ ಕಾಸು ನೀನು ಕೊಡ್ತೀಯೋ, ಆ ಸತ್ತ ನರಿ ಕೊಡುತ್ತೋ?" ಗಾಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಆ ಮನುಷ್ಯ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೇ ಹೋಗುತ್ತಿದ್ದ.

ಊರಿಗೆಲ್ಲ ನಾಚಿಕೆ ಕಲಿಸುತ್ತಿದ್ದ ಈ ಹೆಂಗಸು ಒಂದೇ ಒಂದು ಮನೆಯಲ್ಲಿ ಬಾಯಿ ಬಿಗಿಹಿಡಿದು ಕೂರುತ್ತಿದ್ದಳು. ಅದು ಮಗಳನ್ನು ಕೊಟ್ಟ ಮನೆ.

ಬೀಗ ತೊಲೆಗೆನ್ ಇದ್ದದ್ದು ನದಿಯ ಎಡದಂಡೆಯ ಐದಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ. ಮೊದಲು ಶಾಲೆಯಲ್ಲಿ ವ್ಯಾಯಾಮದ ಮೇಷ್ಟರು. ನಿವೃತ್ತಿಯಾದ ಮೇಲೆ ಆ ಕಟ್ಟಡದ ಮನೆಮಾಲೀಕರ ಸಂಘದ ಅಧ್ಯಕ್ಷರು. ಚಾವಣಿ ಸೋರಿದರೆ, ಕೊಳಾಯಿ ಒಡೆದರೆ, ಅಂಗಳದ ಹಿಮ ಎತ್ತಿಸಬೇಕಾದರೆ ಎಲ್ಲಕ್ಕೂ ಅವರದೇ ಹೊಣೆ. ಒಳ್ಳೆಯ ಎತ್ತರ, ತುಂಬು ಕಂಠ. ಯಾರ ಮನೆಯಲ್ಲಿ ಮದುವೆಯಾದರೂ ವಧೂವರರನ್ನು ಹರಸುವ ಮೊದಲ ಮಾತಿಗೆ ಅವರನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಹೆಂಡತಿ ರಾಬಿಗಾ ಹಳೆಯ ರೀತಿನೀತಿಯ ಗಟ್ಟಿ ಹೆಂಗಸು. ಅವಳ ಮನೆಯಲ್ಲಿ ಸೊಸೆ ಮಾವನ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಪೇಟೆಯ ಹುಡುಗಿಯರು ಈ ನಿಯಮವನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕುಲ್ಯಾಷಳ ಮಗಳು ಅಕ್ಬೋತಾ ಮಾತ್ರ ನಿಷ್ಠೆಯಿಂದ ಪಾಲಿಸುತ್ತಿದ್ದಳು. ಮಾವ ಅವಳಿಗೆ ಬರೀ 'ಆತಾ', ಅಂದರೆ ತಾತ. ತೊಲೆಗೆನ್ ಎಂದರೆ ನಮ್ಮ ಮಾತಿನಲ್ಲಿ 'ಕೊಟ್ಟು ತೀರಿಸಿದ' ಎಂದೂ ಅರ್ಥ. ಅದಕ್ಕೇ ಆ ಶಬ್ದವೂ ಬಾಯಿಗೆ ಬಾರದಂತೆ ಅವಳು ಕರೆಂಟ್ ಬಿಲ್ ಕಟ್ಟಿ ಬಂದರೂ "ಬಿಲ್ ಮುಗಿಸಿ ಬಂದೆ" ಎನ್ನುತ್ತಿದ್ದಳು. ತೊಲೆಗೆನ್ ಅದನ್ನು ನೆಂಟರ ಮುಂದೆ ಹೇಳಿ ಹೆಮ್ಮೆಯಿಂದ ನಗುತ್ತಿದ್ದರು: "ನಮ್ಮ ಸೊಸೆ ಬಿಲ್ ಕಟ್ಟಲ್ಲ ಕಣ್ರಪ್ಪ, ಮುಗಿಸಿಬಿಡ್ತಾಳೆ!"

ಜನವರಿಯ ಒಂದು ಮಧ್ಯಾಹ್ನ ಕುಲ್ಯಾಷ್ ಪಾಳಿ ಮುಗಿಸಿ ಮೊಮ್ಮಗನನ್ನು ನೋಡಲು ಹೋದಳು. ಮಗುವಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಅಳಿಯ ಗಣಿ ಕೆಲಸದಲ್ಲಿ ವಾರಗಟ್ಟಲೆ ಊರಾಚೆ ಇರುತ್ತಿದ್ದ. ಕೈಚೀಲದಲ್ಲಿ ಮಗಳಿಗೆಂದು ಒಂದು ಜಾಡಿ ಕೆನೆಮೊಸರಿತ್ತು.

ಆ ಕಟ್ಟಡದ ಚಾವಣಿಯ ನೀರಿನ ಕೊಳವೆ ಒಡೆದು ಬಹಳ ದಿನವಾಗಿತ್ತು. ಹಗಲು ಮೇಲಿನ ಹಿಮ ಕರಗಿ ನೀರು ನೇರವಾಗಿ ಬಾಗಿಲ ಮೆಟ್ಟಿಲ ಮೇಲೆ ತೊಟ್ಟಿಕ್ಕುವುದು, ಸಂಜೆಗೆ ಹೆಪ್ಪುಗಟ್ಟುವುದು. ಹೀಗೆ ಬೆಳೆದೂ ಬೆಳೆದೂ ಮೆಟ್ಟಿಲೇ ಒಂದು ಗಾಜಿನ ದಿಬ್ಬವಾಗಿತ್ತು. ಅದರ ಮೇಲೆ ಹೊಸ ಪುಡಿಹಿಮ ಬಿದ್ದು ಏನೂ ಕಾಣದಂತೆ ಮುಚ್ಚಿಕೊಂಡಿತ್ತು. ಕುಲ್ಯಾಷ್ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಎರಡನೇ ಅಂತಸ್ತಿನ ಕಿಟಕಿಯ ಗಾಜನ್ನು ಅಕ್ಬೋತಾ ಒಳಗಿನಿಂದ ಬಡಿದಳು. ಮಗುವನ್ನು ಎತ್ತಿ ಹಿಡಿದು, ಅದರ ಪುಟ್ಟ ಕೈಯನ್ನು ತಾನೇ ಆಡಿಸಿ, ಅಜ್ಜಿ ಬಂದಳು ಎಂದು ತೋರಿಸುತ್ತಿದ್ದಳು. ಕುಲ್ಯಾಷ್ ತಲೆಯೆತ್ತಿ ನಕ್ಕಳು. ಅಷ್ಟೇ ಸಾಕಾಯಿತು. ಕಾಲೆರಡೂ ಮುಂದಕ್ಕೆ ಹೋಗಿ, ಬಲಗೈ ಮೈಯಡಿ ಸಿಕ್ಕಿ ಲಟಕ್ಕೆಂದಿತು. ಜಾಡಿ ಒಡೆದು ಕೆನೆಮೊಸರು ಹಿಮದ ಮೇಲೆ ಚೆಲ್ಲಿತು.

ಮನೆಯ ಚಪ್ಪಲಿಯಲ್ಲೇ ಓಡಿ ಬಂದವರು ತೊಲೆಗೆನ್. ಅವಳನ್ನು ಎತ್ತಿ ಕೂರಿಸಿ, ತಮ್ಮ ಕಾರಿನಲ್ಲೇ ಮೂಳೆ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಎರಡು ಸಲ ಕೆಮ್ಮಿದರು.

"ಬೀಗ್ರೇ, ಅಲ್ಲಿ ಕೇಳ್ತಾರೆ, ಎಲ್ಲಿ ಬಿದ್ರಿ, ಹೇಗೆ ಬಿದ್ರಿ ಅಂತ. ನಮ್ಮ ಕಟ್ಟಡ ಅಂತ ಗೊತ್ತಾದ್ರೆ ಪೊಲೀಸರಿಗೆ ಹೇಳ್ತಾರೆ. ಅವರು ಬರ್ತಾರೆ. ಆಮೇಲೆ ಅಂಗಳದಲ್ಲಿ... ಅಂದ್ರೆ, ಜನ..."

ಕುಲ್ಯಾಷ್ ಮಾತು ಮುಗಿಸಲು ಬಿಡಲಿಲ್ಲ. ಮದುವೆಮನೆಗಳಲ್ಲಿ ನೀರು ಹರಿದಂತೆ ಮಾತಾಡುವ ಮನುಷ್ಯ ಹೀಗೆ ತೊದಲುವುದನ್ನು ಕೇಳಿ ನಾಚಿಕೆಯಾದದ್ದು ಅವಳಿಗೆ.

"ಅಯ್ಯೋ, ಅದನ್ನೆಲ್ಲ ಹೇಳ್ತೀನಾ ಬೀಗ್ರೇ? ನಮ್ಮನೆ ಅಂಗಳದಲ್ಲೇ ಬಿದ್ದೆ ಅಂತೀನಿ, ಬಿಡಿ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದರು ತೊಲೆಗೆನ್. ಅಲ್ಲಿಂದ ಮುಂದೆ ಕಾರನ್ನು ಸರಾಗವಾಗಿ ಓಡಿಸಿದರು.

ಆಸ್ಪತ್ರೆಯಲ್ಲಿ ಹಾಗೇ ಹೇಳಿದಳು. ಹಾಗೇ ಬರೆದುಕೊಂಡರು. ಮನೆಯಲ್ಲಿ ಗಂಡ ಸೈಲಾವ್ ವಿಷಯ ಕೇಳಿ ತಲೆದೂಗಿದ. ಅವನು ಜೀವಮಾನವಿಡೀ ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡದ ಮನುಷ್ಯ. "ಒಳ್ಳೇ ಕೆಲಸ ಮಾಡ್ದೆ. ಕೈ ಮುರಿದ್ರೆ ಕೂಡ್ಕೊಳುತ್ತೆ. ಬೀಗರ ಮರ್ಯಾದೆ ಮುರಿದ್ರೆ ಕೂಡಲ್ಲ."

ಕೈಯೂ ಕೂಡಿಕೊಳ್ಳಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಸೊಟ್ಟಗಿತ್ತು. ಬೆರಳುಗಳು ಬಿಗಿಯುತ್ತಿರಲಿಲ್ಲ, ಹಿಟ್ಟು ಕಲಸಲು ಹೋದರೆ ಯಾರದೋ ಬೆರಳಿನಂತೆ ಬಟ್ಟಲಲ್ಲಿ ಬಿದ್ದಿರುತ್ತಿದ್ದವು. ಓಡುವ ಟ್ರಾಮಿನಲ್ಲಿ ಕಂಡಕ್ಟರಿಗೆ ಎರಡು ಕೈ ಬೇಕು, ಒಂದು ಕಂಬಿ ಹಿಡಿಯಲು, ಇನ್ನೊಂದು ಟಿಕೆಟ್ ಹರಿಯಲು. ಡಿಪೋದವರು ಸ್ವಲ್ಪ ದಿನ ನೋಡಿ, ಬೇಸರದಿಂದಲೇ, ಮನೆಗೆ ಕಳಿಸಿದರು. ಮತ್ತೆ ಆಪರೇಷನ್ ಮಾಡಿ ಒಳಗೆ ತಗಡು ಕೂರಿಸಬೇಕು, ಅದು ಸೆಮೆಯ್ ಊರಿನಲ್ಲಿ ಆಗಬೇಕು ಎಂದರು ಡಾಕ್ಟರು. ಅದರ ಖರ್ಚು ಸೈಲಾವ್‌ನ ಪಿಂಚಣಿಗೆ ನಿಲುಕುವಂಥದ್ದಲ್ಲ.

ಮಾರ್ಚಿನ ಒಂದು ಭಾನುವಾರ ಕುಲ್ಯಾಷ್ ಬೀಗರ ಮನೆಗೆ ಹೋದಳು. ತೊಲೆಗೆನ್‌ರನ್ನು ಒಂದು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಬೇಕು ಎಂಬುದು ಅವಳ ಲೆಕ್ಕಾಚಾರ. ಸಂಘದಲ್ಲಿ ಏನಾದರೂ ದಾರಿ ಇದೆಯೋ ನೋಡಿ ಬೀಗ್ರೇ, ಎಂದಷ್ಟೇ ಕೇಳಬೇಕು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೊಂದಿಸಿಕೊಂಡಳು. ಹೋಗಿ ನೋಡಿದರೆ ಮನೆ ತುಂಬ ಅತಿಥಿಗಳು. ಹಳ್ಳಿಯಿಂದ ನೆಂಟರು ಬಂದಿದ್ದರು, ಕುರಿ ಕೊಯ್ದಿದ್ದರು, ದೊಡ್ಡ ತಟ್ಟೆಯಲ್ಲಿ ಮಾಂಸ ಹಬೆಯಾಡುತ್ತಿತ್ತು. ಅಕ್ಬೋತಾ ಮೇಜಿನ ಕೊನೆಯಲ್ಲಿ ಕೂತು ಚಹಾ ಬಗ್ಗಿಸಿ ಕೊಡುತ್ತಿದ್ದಳು.

"ಬನ್ನಿ ಬನ್ನಿ ಬೀಗ್ರೇ! ಮೇಲಕ್ಕೆ ಬನ್ನಿ!" ತೊಲೆಗೆನ್ ಅವಳನ್ನು ಮರ್ಯಾದೆಯ ಜಾಗಕ್ಕೇ ಕರೆದು ಕೂರಿಸಿದರು. ಅವಳು ಎಡಗೈಯಿಂದ ತಿನ್ನುವುದನ್ನು ಕಂಡು ಒಬ್ಬ ಮುದುಕ ಕಣ್ಣು ಕಿರಿದು ಮಾಡಿದ.

"ಕೈಗೇನಾಯ್ತಮ್ಮ?"

ಕುಲ್ಯಾಷ್ ಬಾಯಿ ತೆರೆಯುವುದಕ್ಕೆ ಮುಂಚೆ ತೊಲೆಗೆನ್‌ರ ತುಂಬು ಕಂಠ ಮೇಲೆದ್ದಿತು. "ಏನು ಹೇಳೋದು ಅಣ್ಣಾ! ಅವರ ಕಡೆ ಸಂಘದವರು ಶುದ್ಧ ಸೋಮಾರಿಗಳು. ಬಾಗಿಲ ಮುಂದಿನ ಐಸು ಒಡೆಸೋಕೂ ಕೈಲಾಗಲ್ಲ. ಪಾಪ, ತಮ್ಮನೆ ಅಂಗಳದಲ್ಲೇ ಬಿದ್ದು ಕೈ ಮುರ್ಕೊಂಡ್ರು."

"ಅಂಥವರನ್ನ ಕೋರ್ಟಿಗೆ ಎಳೀಬೇಕು," ಎಂದ ಮುದುಕ.

"ಎಳೀಬೇಕು ಮತ್ತೆ! ನಾನೇ ಬಂದು ಸಾಕ್ಷಿ ಹೇಳ್ತೀನಿ," ಎಂದು ತೊಲೆಗೆನ್ ನಕ್ಕರು.

ಅಕ್ಬೋತಾಳ ಕೈಯಲ್ಲಿದ್ದ ಬಟ್ಟಲು ತುಂಬಿ ಚಹಾ ಮೇಜಿನ ಬಟ್ಟೆಗೆ ಹರಿಯಿತು. "ಕೈ ನೋಡ್ಕೊಂಡು ಸುರಿಯೇ," ಎಂದಳು ರಾಬಿಗಾ.

ಕುಲ್ಯಾಷ್ ತಲೆ ತಗ್ಗಿಸಿ ಕೂತಳು. ಮುಖಕ್ಕೆ ರಕ್ತ ನುಗ್ಗಿತ್ತು. ಸುಳ್ಳು ಹೇಳಿದವರು ಬೀಗರಲ್ಲ. ಅವಳು ತಾನೇ ಕೊಟ್ಟ ಸುಳ್ಳನ್ನು ಅವರು ಬಳಸುತ್ತಿದ್ದರು, ಅಷ್ಟೇ. ಈಗ ಎದ್ದು ನಿಂತು ಅಲ್ಲ ಎಂದರೆ ನೆಂಟರ ಮುಂದೆ ಮಗಳ ಮನೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ? ಸುಮ್ಮನಿದ್ದಳು. ಕೇಳಬೇಕೆಂದು ಹೊಂದಿಸಿಟ್ಟ ಮಾತನ್ನು ಕೇಳದೆಯೇ ಹೊರಟಳು. ಇಳಿಯುವಾಗ ನೋಡಿದರೆ ಹೊಸ ಕೊಳವೆ ಮಿಂಚುತ್ತಿತ್ತು, ಮೆಟ್ಟಿಲ ಮೇಲೆ ಅಚ್ಚುಕಟ್ಟಾಗಿ ಮರಳು ಹರಡಿತ್ತು.

ಮರುದಿನವೇ ವಕೀಲೆ ಲಿದಿಯಾ ಪಾವ್ಲೋವ್ನಾಳ ಹತ್ತಿರ ಹೋದಳು. ರಷ್ಯನ್ ಹೆಂಗಸು, ಮೂರನೇ ನಂಬರ್ ಟ್ರಾಮಿನ ಹಳೆಯ ಗಿರಾಕಿ. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟಳು.

"ನೀವು ಬೀಗರ ಮೇಲೆ ದಾವೆ ಹಾಕ್ತಿಲ್ಲಮ್ಮ. ಸಂಘದ ಮೇಲೆ ಹಾಕ್ತಿದೀರಿ. ಎರಡೂ ಬೇರೆ ಬೇರೆ."

"ಸಂಘಕ್ಕೆ ಮೂಗಿಲ್ಲ ಲಿದಿಯಾ ಪಾವ್ಲೋವ್ನಾ. ಕೊಯ್ದ್ರೆ ಹೋಗೋದು ಬೀಗರ ಮೂಗೇ."

"ಹಾಗಾದ್ರೆ ಬೇಡ ಅಂತೀರಾ?"

ಕುಲ್ಯಾಷ್ ಸೊಟ್ಟ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಬೇಕು."

"ಆಸ್ಪತ್ರೆಯಲ್ಲಿ ನೀವೇ ಬೇರೆ ಹೇಳಿದೀರಿ. ಈಗ ಮಾತು ಬದಲಾಯಿಸಿದ್ರೆ ನಂಬೋಕೆ ಸಾಕ್ಷಿ ಬೇಕು. ಬಿದ್ದದ್ದನ್ನ ಯಾರೂ ನೋಡ್ಲಿಲ್ವಾ?"

"ಮಗಳು ಕಿಟಕೀಲಿದ್ಲು. ಅವಳನ್ನ ಮಾತ್ರ ಕರೀಬೇಡಿ. ಅವಳು ಆ ಮನೇಲಿ ಬಾಳ್ಬೇಕು."

ದಾವೆಯ ಸುದ್ದಿ ತಲುಪಿದ ದಿನ ರಾಬಿಗಾ ಫೋನ್ ಮಾಡಿದಳು. ಬೈಯಲಿಲ್ಲ. "ಹೆಣ್ಣು ಕೊಟ್ಟವರು ಕಲ್ಲು ಹೊಡೆಯೋದನ್ನ ಇದೇ ಮೊದ್ಲು ನೋಡ್ತಿರೋದು," ಎಂದು ಫೋನ್ ಇಟ್ಟಳು. ಸೈಲಾವ್ ಹೆಂಡತಿಯ ಜತೆ ಮಾತು ಬಿಟ್ಟ. ಅವನು ಆಡುತ್ತಿದ್ದ ಮಾತೇ ಕಡಿಮೆಯಾದ್ದರಿಂದ ಅದು ಅವಳಿಗೆ ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಅಕ್ಬೋತಾ ಫೋನೇ ಮಾಡಲಿಲ್ಲ. ಕುಲ್ಯಾಷ್ ಬೆಳಿಗ್ಗೆ ಎದ್ದು ಕಿಟಕಿಯ ಬಳಿ ನಿಂತು ಅಂದುಕೊಳ್ಳುತ್ತಿದ್ದಳು: ಹೋಗಿ ಎಲ್ಲ ವಾಪಸ್ ತಗೊಂಡುಬಿಡಲಾ? ಆಮೇಲೆ ಗುಂಡಿ ಹಾಕಲು ಬಾರದ ಬೆರಳನ್ನು ನೋಡಿ ಕೂರುತ್ತಿದ್ದಳು.

ಏಪ್ರಿಲ್‌ನಲ್ಲಿ, ಊರೆಲ್ಲ ಕೆಸರಾಗಿದ್ದಾಗ, ವಿಚಾರಣೆ ಬಂತು. ಆ ಕಟ್ಟಡದವರು ಸಾಲಾಗಿ ಬಂದು ಬೆಂಚಿನ ಮೇಲೆ ಕೂತಿದ್ದರು. ಪರಿಹಾರ ಕೊಡಬೇಕಾಗಿ ಬಂದರೆ ಹೋಗುವುದು ಅವರೆಲ್ಲರ ಜೇಬಿನಿಂದ. ಮುಂದಿನ ಸಾಲಿನಲ್ಲಿ ತೊಲೆಗೆನ್, ಮದುವೆಗೆ ಹಾಕುವ ಕೋಟು ತೊಟ್ಟು, ಯಾರನ್ನೂ ನೋಡದೆ ಕೂತಿದ್ದರು. ಪಕ್ಕದಲ್ಲಿ ರಾಬಿಗಾ. ಸೈಲಾವ್ ಬರಲ್ಲ ಎಂದಿದ್ದವನು ಹೇಗೋ ಬಂದು ಹೊರಗೆ ಓಣಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಒಳಗೆ ಕಾಲಿಡಲಿಲ್ಲ.

ಸಂಘದ ವಕೀಲ ಚುರುಕು ನಾಲಿಗೆಯ ಯುವಕ. ಆಸ್ಪತ್ರೆಯ ಬರಹವನ್ನು ಓದಿ ಹೇಳಿದ.

"'ನಮ್ಮ ಮನೆಯ ಅಂಗಳದಲ್ಲಿ ಬಿದ್ದೆ.' ಇದು ನಿಮ್ಮದೇ ಮಾತಲ್ವಾ ಅಮ್ಮ?"

"ನಂದೇ."

"ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದೀರೋ?"

"ಅವತ್ತು."

"ಯಾಕೆ?"

ಕುಲ್ಯಾಷಳಿಗೆ ಬೀಗರ ಕಾರು, ಎರಡು ಸಲದ ಕೆಮ್ಮು ನೆನಪಾಯಿತು. ಅವರು ಕೇಳಿದ್ದರು ಎಂದು ಹೇಳಿದರೆ ಅದು ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. "ನಾಚಿಕೆ ಆಯ್ತು," ಎಂದಳು.

ಬೆಂಚಿನಲ್ಲಿ ಒಬ್ಬ ಹೆಂಗಸು ನಕ್ಕಳು. "ಕೇಳಿದ್ರಾ? ಟ್ರಾಮಿನಲ್ಲಿ ಎಲ್ಲರಿಗೂ ನಾಚಿಕೆ ಹಂಚ್ತಾ ಇದ್ಲಲ್ಲ, ಸ್ವಂತಕ್ಕೂ ಸ್ವಲ್ಪ ಇಟ್ಕೊಂಡಿದ್ದಾಳೆ!" ಸಾಲೆಲ್ಲ ನಕ್ಕಿತು. ನ್ಯಾಯಾಧೀಶೆ, ನಡುವಯಸ್ಸಿನ ದಣಿದ ಹೆಂಗಸು, ಮೇಜು ತಟ್ಟಿ ಸುಮ್ಮನಾಗಿಸಿದಳು. "ಅರ್ಜಿದಾರರ ಕಡೆ ಸಾಕ್ಷಿ ಇದೆಯಾ?"

"ಇಲ್ಲ," ಎಂದಳು ಕುಲ್ಯಾಷ್. ಇನ್ನು ಮುಗಿಯಿತು, ಮನೆಗೆ ಹೋಗಬಹುದು ಎಂದು ಒಳಗೆ ಹಗುರವೂ ಆಯಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಬೋತಾ. ತಲೆಗೆ ಬಿಳಿ ವಸ್ತ್ರ ಬಿಗಿಯಾಗಿ ಕಟ್ಟಿಕೊಂಡಿದ್ದಳು; ಬೂಟುಗಳಿಗೆ ಮೊಣಕಾಲಿನವರೆಗೆ ಕೆಸರು. ಮಗುವನ್ನು ಎದುರುಮನೆಯ ಅಜ್ಜಿಯ ಹತ್ತಿರ ಬಿಟ್ಟು ಓಡಿ ಬಂದಿದ್ದಳು.

"ನಾನು ಹೇಳ್ತೀನಿ. ನಾನು ನೋಡಿದ್ದೀನಿ."

"ಹೋಗೇ ಮನೆಗೆ," ಎಂದಳು ಕುಲ್ಯಾಷ್, ತಾನು ಕೋರ್ಟಿನಲ್ಲಿರುವುದನ್ನೂ ಮರೆತು. ಅದೇ ಗಳಿಗೆಯಲ್ಲಿ, ಅದೇ ಮಾತನ್ನು ರಾಬಿಗಾಳೂ ಅಂದಳು. ಇಬ್ಬರು ಬೀಗಿತ್ತಿಯರು ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿಕೊಂಡರು.

ಅಕ್ಬೋತಾ ಹೋಗಲಿಲ್ಲ. ಮುಂದೆ ಬಂದು ನಿಂತು, ನೆಲ ನೋಡುತ್ತ, ಪಾಠ ಒಪ್ಪಿಸಿದಂತೆ ಹೇಳಿದಳು. ಕೊಳವೆ ಒಡೆದಿತ್ತು. ಮೆಟ್ಟಿಲ ಮೇಲೆ ಐಸು ಬೆಳೀತಿತ್ತು. ಮಗುವನ್ನ ಎತ್ತಿಕೊಂಡು ಇಳಿಯೋಕೆ ತನಗೇ ಭಯ ಆಗ್ತಿತ್ತು. ಅಮ್ಮ ಬಿದ್ದದ್ದು ಅಲ್ಲೇ. ತಾನು ಗಾಜು ಬಡಿದಿದ್ದಕ್ಕೇ ಅಮ್ಮ ಮೇಲೆ ನೋಡಿದ್ದು. ಅಮ್ಮನ್ನ ಕರೆದುಕೊಂಡು ಹೋದ ಮೇಲೆ ಪಕ್ಕದ ಮನೆಯವರು ಗುದ್ದಲಿಯಿಂದ ಐಸು ಒಡೆದದ್ದನ್ನೂ ತಾನು ಕಂಡದ್ದುಂಟು.

"ಮೆಟ್ಟಿಲು ಹೀಗಿದೆ ಅಂತ ಸಂಘಕ್ಕೆ ಮೊದಲೇ ಗೊತ್ತಿತ್ತಾ?" ಕೇಳಿದಳು ನ್ಯಾಯಾಧೀಶೆ.

"ಗೊತ್ತಿತ್ತು. ನಾನೇ ಹೇಳಿದ್ದೆ."

ವಕೀಲ ಎದ್ದ. "ಯಾರಿಗೆ ಹೇಳಿದ್ರಿ?"

"ಮನೆಯ ಹಿರಿಯರಿಗೆ."

"ಹಿರಿಯರು ಅಂದ್ರೆ ಯಾರು? ಹೆಸರು ಹೇಳಿ."

ಅಕ್ಬೋತಾ ತುಟಿ ಬಿಗಿದಳು. "ಆತಾಗೆ ಹೇಳ್ದೆ."

"ಆತಾ ಅಂತ ಊರಲ್ಲಿ ಎಲ್ಲ ಮುದುಕರನ್ನೂ ಕರೀತಾರಮ್ಮ. ಬೀದೀಲಿ ಹೋಗೋ ಯಾವುದೋ ತಾತನಿಗೆ ಹೇಳಿದ್ರೆ ಸಂಘಕ್ಕೆ ಹೇಳಿದ ಹಾಗಾಗುತ್ತಾ? ಹೆಸರು ಬೇಕು." ಅವನಿಗೆ ಹುಡುಗಿಯ ಕಷ್ಟ ತಿಳಿಯದೆ ಇರಲಿಲ್ಲ. ಅವನೂ ನಮ್ಮವನೇ, ಅವನ ಅಜ್ಜಿಯೂ ಮಾವನ ಹೆಸರು ಹೇಳಿರಲಾರಳು. ಹೇಳಲಾರಳು ಎಂದು ಗೊತ್ತಿದ್ದೇ ಕೇಳುತ್ತಿದ್ದ.

"ದಾಖಲಾಗಬೇಕು ಮಗಳೇ," ಎಂದಳು ನ್ಯಾಯಾಧೀಶೆ, ತುಸು ಮೆತ್ತಗೆ. "ಒಂದು ಸಲ ಹೇಳಿಬಿಡು."

ಅಕ್ಬೋತಾ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕಿವಿಯ ತನಕ ಕೆಂಪಾದಳು. ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ. ಮಾವನ ವಿರುದ್ಧ ನಾಲ್ಕು ಜನರೆದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳಬಲ್ಲ ಹುಡುಗಿಗೆ ಮಾವನ ಹೆಸರನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಬೆಂಚಿನಲ್ಲಿ ಮತ್ತೆ ಯಾರೋ ಕಿಸಕ್ಕೆಂದರು. ಕುಲ್ಯಾಷ್ ಕಣ್ಣು ಮುಚ್ಚಿಕೊಂಡಳು. ತನ್ನ ಒಂದು ಕೈಗಾಗಿ ಮಗಳನ್ನು ಇಲ್ಲಿ ಹೀಗೆ ನಿಲ್ಲಿಸಿದೆನಲ್ಲ, ಈ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಹೆಸರಿಲ್ಲದ ಸಾಕ್ಷಿ," ಎಂದು ವಕೀಲ ಕೂರಲು ಹೊರಟ.

"ಸಾಕು ನಿಲ್ಸಪ್ಪಾ."

ತೊಲೆಗೆನ್ ಎದ್ದು ನಿಂತಿದ್ದರು. ಇದು ಕೋರ್ಟು ಎಂದು ಅಪ್ಪಣೆಯನ್ನೂ ಕೇಳಲಿಲ್ಲ. ಆ ತುಂಬು ಕಂಠ ಎಲ್ಲಿ ಹೋಗಿತ್ತೋ. ಹಿಂದಿನವರು ಕಿವಿಗೊಟ್ಟು ಕೇಳಬೇಕಾಯಿತು.

"ಆ ಹುಡುಗೀನ ಹಿಂಸೆ ಮಾಡ್ಬೇಡ. ಅವಳು ಹೇಳಲ್ಲ. ತೊಲೆಗೆನ್ ಅಂದ್ರೆ ನಾನೇ. ಅವಳು ನನಗೆ ಹೇಳಿದ್ಲು. ಒಂದು ಸಲ ಅಲ್ಲ. ಚಹಾ ಕೊಡ್ತಾ ಹೇಳಿದ್ಲು, ಬಾಗಿಲಲ್ಲಿ ನಿಂತು ಹೇಳಿದ್ಲು. ಬಿಸಿಲು ಬಂದ್ರೆ ಕರಗುತ್ತೆ ಬಿಡು ಅಂದೆ. ಬೀಗಿತ್ತಿ ಬಿದ್ದದ್ದು ನನ್ನ ಮೆಟ್ಟಿಲಲ್ಲೇ. ಆಸ್ಪತ್ರೇಲಿ ಆ ಸುಳ್ಳು ಅವರು ಹೇಳಿದ್ದು ನನಗೋಸ್ಕರ. ನಾನು ಕೇಳೋ ಮುಂಚೇನೇ, ಹಾಗೆ ಹೇಳ್ತೀನಿ ಅಂತ ಅವರೇ ಅಂದ್ರು. ಕೇಳ್ಬೇಕು ಅಂತಲೇ ನಾನು ಬಾಯಿ ತೆರೆದಿದ್ದೆ."

"ನೀವು ಸಂಘದ ಪರವಾಗಿ ಮಾತಾಡ್ತಿದೀರಾ?" ಎಂದ ವಕೀಲ ಗಾಬರಿಯಾಗಿ.

"ಗೊತ್ತಿಲ್ಲಪ್ಪ," ಎಂದರು ತೊಲೆಗೆನ್. ಕೂರಲು ಹೋಗಿ ಬೆಂಚಿನ ಅಂಚು ಸಿಗದೆ ತಡವರಿಸಿದರು. ರಾಬಿಗಾ ಕೈ ಹಿಡಿದು ಕೂರಿಸಿದಳು, ಮುಖ ನೋಡದೆ.

ತೀರ್ಪು ಕುಲ್ಯಾಷಳ ಕಡೆಯೇ ಆಯಿತು. ಓಣಿಯಲ್ಲಿ ಮಗಳನ್ನು ಹಿಡಿದುಕೊಂಡು ಅವಳು ಹೇಳಿದಳು, "ಇವತ್ತು ನಮ್ಮನೆಗೆ ಬಾರೇ. ಮಗೂನೂ ಕರ್ಕೊಂಡು ಬಾ. ಅಲ್ಲಿ ಹೇಗೆ ಮುಖ ತೋರಿಸ್ತೀಯ?"

"ಈಗ ನಿನ್ನ ಜತೆ ಬಂದ್ರೆ, ನಿನ್ನ ಮಗಳು ಅಂತ ಸಾಕ್ಷಿ ಹೇಳಿದ ಹಾಗಾಗುತ್ತಮ್ಮ," ಎಂದಳು ಅಕ್ಬೋತಾ. "ನಾನು ಹೇಳಿದ್ದು ಆ ಮನೆ ಸೊಸೆಯಾಗಿ. ಸಂಜೆ ಚಹಾಕ್ಕೆ ಹೊತ್ತಾಯ್ತು, ಹೋಗ್ತೀನಿ." ಸೈಲಾವ್ ಟೋಪಿ ತಲೆಗಿಟ್ಟುಕೊಂಡು ಅವಳನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬಂದ.

ಅವತ್ತು ಸಂಜೆ ಆ ಮನೆಯಲ್ಲಿ ನಡೆದದ್ದನ್ನು ಅಕ್ಬೋತಾ ಬಹಳ ದಿನಗಳಾದ ಮೇಲೆ ತಾಯಿಗೆ ಹೇಳಿದಳು. ಚಹಾ ಇಟ್ಟಳಂತೆ. ಅತ್ತೆ ಅವಳ ಕೈಯಿಂದ ಬಟ್ಟಲು ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡಳು. ಮಾವ ತಮ್ಮ ಬಟ್ಟಲನ್ನು ಚಾಚಿದರು. ಕುಡಿದು ಮುಗಿಸಿ ಮತ್ತೆ ಚಾಚಿದರು. ಹೊಟ್ಟೆ ತುಂಬಿದ ಮೇಲೂ ಚಾಚುತ್ತಲೇ ಇದ್ದರು. ಕೆಟಲ್ ಬರಿದಾಯಿತು.

ಮುಂದಿನ ದಿನಗಳು ಯಾರಿಗೂ ಚೆನ್ನಾಗಿರಲಿಲ್ಲ. ಪರಿಹಾರವನ್ನು ಕಟ್ಟಡದ ಎಲ್ಲ ಮನೆಗಳಿಗೂ ಹಂಚಿ ಹಾಕಿದರು. ಮೂರನೇ ಅಂತಸ್ತಿನ ಒಬ್ಬಳು ಮೆಟ್ಟಿಲಲ್ಲಿ ಅಕ್ಬೋತಾಳನ್ನು ಕಂಡಾಗಲೆಲ್ಲ ಗೋಡೆಗೆ ಹೇಳಿದಂತೆ, "ಅಮ್ಮನ ಕೈಗೆ ನಮ್ಮ ಕೈ ಕಡಿದ್ಲು," ಎನ್ನುತ್ತಿದ್ದಳು. ತೊಲೆಗೆನ್ ಅಧ್ಯಕ್ಷಗಿರಿ ಬಿಟ್ಟರು. ಮದುವೆಗಳಿಗೆ ಕರೆ ಬಂದರೆ ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಗಣಿಯಿಂದ ಬಂದ ಅಳಿಯ ಅಪ್ಪನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, ಮಗುವನ್ನೆತ್ತಿಕೊಂಡು ಹೊತ್ತು ಹೊತ್ತಿಗೂ ಅಂಗಳದಲ್ಲಿ ತಿರುಗುತ್ತಿದ್ದ. ಕುಲ್ಯಾಷಳಿಗೆ ಸೆಮೆಯ್‌ನಲ್ಲಿ ಆಪರೇಷನ್ ಆಯಿತು. ಬೆರಳುಗಳು ಅರ್ಧ ಮರಳಿದವು. ಗುಂಡಿ ಹಾಕಿಕೊಳ್ಳಬಹುದು, ಕಂಬಿ ಹಿಡಿಯಲಾಗದು. ಡಿಪೋದವರು ಕರೆದು ಫೋನಿನ ಮುಂದೆ ಕೂರಿಸಿದರು. ಅಲ್ಲಿ ಅವಳು ಮೆಲ್ಲಗೆ ಮಾತಾಡುತ್ತಿದ್ದಳು. ಹೊಸ ಕಂಡಕ್ಟರುಗಳು ಬಂದು, ಟಿಕೆಟ್ ತೆಗೆಯದವರಿಗೆ ಏನನ್ನಬೇಕು ಹೇಳಿಕೊಡಿ ಅಕ್ಕಾ ಎಂದರೆ, "ಏನೂ ಅನ್ಬೇಡಿ, ಟಿಕೆಟ್ ಕೊಡಿ ಸಾಕು," ಎನ್ನುತ್ತಿದ್ದಳು.

ಬೇಸಿಗೆ ಕಳೆಯಿತು. ಬೀಗರ ಮನೆಗೆ ಹೋಗುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಮಗಳೇ ಮಗುವನ್ನು ಎತ್ತಿಕೊಂಡು ಬರುತ್ತಿದ್ದಳು. ಮಗು ಗೋಡೆ ಹಿಡಿದು ನಿಲ್ಲಲು ಕಲಿತಿತ್ತು. ಮೊದಲ ಗಾಳಿಚಳಿ ಬಿದ್ದ ವಾರ, ಇನ್ನು ಹಿಮ ಬಿದ್ದರೆ ಹೋಗುವ ಧೈರ್ಯವೇ ಬಾರದು ಎನ್ನಿಸಿ, ಒಂದು ದಿನ ಹೊರಟಳು. ಕೈಯಲ್ಲಿ ತಾನೇ ಕರಿದ ಬೌರ್ಸಾಕ್. ಅರ್ಧ ಬೆರಳುಗಳಲ್ಲಿ ನಾದಿದ ಹಿಟ್ಟು, ಒಂದೂ ದುಂಡಗಿರಲಿಲ್ಲ.

ಬಾಗಿಲು ತೆರೆದವಳು ರಾಬಿಗಾ. ಹೊಸ್ತಿಲಲ್ಲೇ ನಿಂತಳು, ದಾರಿ ಬಿಡಲಿಲ್ಲ.

"ಸೊಸೆ ಮನೇಲಿಲ್ಲ."

"ನಿಮ್ಮನ್ನೇ ನೋಡೋಕೆ ಬಂದೆ ಬೀಗ್ರೇ."

"ನೋಡಿದ್ರಲ್ಲ." ರಾಬಿಗಾ ಬಾಗಿಲ ಹಿಡಿ ಬಿಡಲಿಲ್ಲ. "ನಿಮ್ಮ ಕೈಗೆ ಕೋರ್ಟು ಪರಿಹಾರ ಕೊಡ್ತು. ನಮ್ಮೆಜಮಾನರು ಈಗ ಕತ್ತಲಾದ ಮೇಲೆ ಬ್ರೆಡ್ ತರೋಕೆ ಹೋಗ್ತಾರೆ, ಯಾರೂ ಕಾಣ್ಬಾರ್ದು ಅಂತ. ಅದಕ್ಕೆ ಯಾವ ಕೋರ್ಟು ಪರಿಹಾರ ಕೊಡುತ್ತೆ? ಹೇಳಿ."

ಕುಲ್ಯಾಷ್ ತಾನು ಮಾಡಿದ್ದು ತಪ್ಪು ಎಂದು ಹೇಳುವಂತಿರಲಿಲ್ಲ, ಅದು ತಪ್ಪಾಗಿರಲಿಲ್ಲ. ಸರಿ ಎಂದು ಹೇಳಲು ನಾಲಿಗೆ ಏಳಲಿಲ್ಲ. "ನಾನೂ ತಲೆ ಎತ್ತಿ ಓಡಾಡ್ತಿಲ್ಲ ಬೀಗ್ರೇ," ಎಂದಳು. "ನಿಮ್ಮ ಹೊಸ್ತಿಲಿಗೆ ಬರೋಕೆ ಇಷ್ಟು ದಿನ ಹಿಡೀತು."

ಮೇಲಿನ ಅಂತಸ್ತಿನಲ್ಲಿ ಯಾರದೋ ಬಾಗಿಲು ಕಿರ್ರೆಂದು ಸ್ವಲ್ಪವೇ ತೆರೆದು ನಿಂತಿತು. ಆ ಬಾಗಿಲು ಮುಚ್ಚಲೂ ಇಲ್ಲ, ಯಾರೂ ಹೊರಗೆ ಬರಲೂ ಇಲ್ಲ. ರಾಬಿಗಾ ಮೇಲೊಮ್ಮೆ ನೋಡಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಒಳಗೆ ಬನ್ನಿ ಬೇಗ. ಇಲ್ಲಿ ನಿಂತ್ರೆ ಕಿವಿ ಕೊಟ್ಕೊಂಡು ಕೂತಿರ್ತಾಳೆ ಅವಳು."

ಒಳಗೆ ಹೋದಳು. ಅಡುಗೆಮನೆಯ ಮೇಜಿನ ಬಳಿ ಇಬ್ಬರೂ ಕೂತರು. ರಾಬಿಗಾ ಹಾಲು ಹಾಕಿ ಚಹಾ ಮಾಡಿದಳು, ಬಟ್ಟಲನ್ನು ಕುಲ್ಯಾಷಳ ಎಡಗೈಯ ಕಡೆಗೆ ಸರಿಸಿದಳು. ಪಕ್ಕದ ಕೋಣೆಯಲ್ಲಿ ತೊಲೆಗೆನ್ ಕೆಮ್ಮಿದ್ದು ಕೇಳಿಸಿತು. ಹೊರಗೆ ಬರಲೋ ಬೇಡವೋ ಎಂದು ಹೆಜ್ಜೆ ಹಾಕುತ್ತಿದ್ದದ್ದೂ ಕೇಳಿಸಿತು. ರಾಬಿಗಾ ಒಂದು ಬೌರ್ಸಾಕ್ ತೆಗೆದು ತಿರುಗಿಸಿ ನೋಡಿದಳು.

"ಸೊಟ್ಟಗಿದೆ," ಎಂದಳು. ತಿಂದಳು.